ಆಮೆನ್ ಅಂದ ಮ್ಯಾಲ

ಬೀದರ
9 ಜುಲೈ 2023

ಪ್ರಿಯ ಫ್ಲಾರೆನ್ಸ ಅತ್ತಿಯವರಿಗೆ,

ನಿಮ್ಮ ಅಣ್ಣನ ಮಗ ಪ್ರಿನ್ಸ ಯೇಸುನಾಮದಲ್ಲಿ ಮಾಡುವ ವಂದನೆಗಳು. ಕಾಗದ ನೋಡಿ ನಿಮಗೆ ಶಾಕ್ ಆಗಿರಬೇಕು. ಫೋನ್ ಇಲ್ಲೇನು ಅಂತ ಕೇಳಬೇಡಿ. ಈ ಸೇವಾ ತರಬೇತಿ ಶಾಲೆಯಲ್ಲಿ ಫಸ್ಟ್ ಇಯರ್ ಹುಡುಗರ ಫೋನುಗಳನ್ನು ವಾರ್ಡನ್ ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಐತವಾರ ಮಾತ್ರ ಮನೆಗೆ ಒಂದು ಕಾಲ್. ಆತ್ಮಿಕ ಬೆಳವಣಿಗೆಗೆ ಒಂದು ವರ್ಷ ಫೋನಿನ ಉಪವಾಸ ಅಂತೆ. ಉಪವಾಸ ಅಂದರೆ ಊಟ ಬಿಡಬೇಕಿತ್ತು. ಅದನ್ನು ಮಾತ್ರ ಇಲ್ಲಿ ಯಾರೂ ಬಿಡುವುದಿಲ್ಲ.

ನನ್ನ ಕೋಣೆಯಲ್ಲಿ ಮನ್ನಳ್ಳಿಯ ಜಾನ್ಸನ ಅಂತ ಒಬ್ಬ ಇದ್ದಾನೆ. ಬೆಳಿಗ್ಗೆ ಐದಕ್ಕೆ ಎದ್ದು, ದೇವರು ಬೀದರ ಕೋಟೆಯ ಆಚೆ ಎಲ್ಲೋ ಮಲಗಿದ್ದಾನೆ, ಎಬ್ಬಿಸಬೇಕು ಅನ್ನುವ ಹಾಗೆ ಕೂಗಿ ಪ್ರಾರ್ಥನೆ ಮಾಡುತ್ತಾನೆ. ಇಂಗ್ಲಿಷಿನಲ್ಲಿ ಒಂದು ಸೆಂಟೆನ್ಸ್ ಬರುವುದಿಲ್ಲ. ಶುಕ್ರವಾರದ ಸಾಕ್ಷಿ ಕೂಟದಲ್ಲಿ ಎದ್ದು ನಿಂತು, ಚೇಳು ಕಡಿದಾಗ ಯೇಸಪ್ಪಾ ಅಂದೆ, ಚೇಳೇ ಸತ್ತುಹೋಯ್ತು ಅಂದ. ಎಲ್ಲರೂ ಹಲ್ಲೆಲೂಯ ಅಂದರು. ಚೇಳು ಸತ್ತದ್ದು ಚಪ್ಪಲಿಯಿಂದ ಅಂತ ನನ್ನ ಅನುಮಾನ. ಇನ್ನೊಬ್ಬನಿಗೆ ಕಾಮಾಲೆ ಆಗಿ ವಾಸಿಯಾಯಿತಂತೆ, ಅದೇ ಅವನಿಗೆ ಬಂದ ದೇವರ ಕರೆ. ಕಾಮಾಲೆ ಆದವರೆಲ್ಲ ಪಾಸ್ಟರ್ ಆದರೆ ಭಾಲ್ಕಿ ತಾಲೂಕಿನಲ್ಲಿ ಹೊಲ ಮಾಡಲಿಕ್ಕೆ ಯಾರೂ ಉಳಿಯುವುದಿಲ್ಲ.

ನನಗೆ ಅಂಥ ಚೀಪ್ ಸಾಕ್ಷಿ ಬೇಕಿಲ್ಲ. ನನ್ನದು ನಮ್ಮ ಪ್ರಿನ್ಸಿಪಾಲರಾದ ಜೀವನಕುಮಾರ ಅಯ್ಯನವರೇ ಊರೂರಿಗೆ ಹೇಳುವಂಥದ್ದು. ಅವರು ಹಿಂದೆ ಭಾತಂಬ್ರಾದಲ್ಲಿ ಪಾಲಕರಾಗಿದ್ದಾಗ, ಡಾಕ್ಟರು ಕೈಬಿಟ್ಟ ಎಂಟು ತಿಂಗಳ ಕೂಸಾದ ನನ್ನನ್ನು ಅವ್ವ ಸುಗ್ಗಿ ಆರಾಧನೆ ದಿನ ಪೀಠದ ಮುಂದೆ ಮಲಗಿಸಿದಳು, ಅವರು ಎತ್ತಿಕೊಂಡು 'ಇವನು ಕರ್ತನವನು' ಅಂದರು, ಜ್ವರ ಬಿಟ್ಟಿತು. ಅದಕ್ಕೇ ಒಂದನೇ ಕ್ಲಾಸಿನಿಂದ ನನ್ನನ್ನು ಮಿಶನ್ ಹಾಸ್ಟೆಲಿಗೆ ಹಾಕಿದ್ದು.

ಬರುವ ಫೆಬ್ರವರಿಯಲ್ಲಿ ಸುಗ್ಗಿ ಆರಾಧನೆಗೆ ನಾನು ಭಾತಂಬ್ರಾ ಸಭೆಯ ಮುಂದೆ ನಿಂತು ದೇವರು ನನ್ನನ್ನು ಹೇಗೆ ಕರೆದ ಅಂತ ಸಾಕ್ಷಿ ಹೇಳಬೇಕು. ಕೇಳಿ ಹಿರಿಯರ ಕಮಿಟಿ ಶಿಫಾರಸು ಕೊಟ್ಟರೆ ಮುಂದಿನ ಮೂರು ವರ್ಷದ ಓದು. ಕೊಡದಿದ್ದರೆ ಟ್ರಂಕು ಎತ್ತಿಕೊಂಡು ಮನೆಗೆ. ಅವ್ವನನ್ನು ಆ ದಿನದ ಬಗ್ಗೆ ಕೇಳಿದರೆ ಅದೇ ನಾಲ್ಕು ಮಾತು ಹೇಳುತ್ತಾಳೆ. ನೀವು ನರ್ಸ್ ಆಗಿದ್ದವರು, ಡೀಟೇಲ್ಸ್ ನೆನಪಿರುತ್ತವೆ. ಡಾಕ್ಟರ್ ಎಕ್ಸಾಕ್ಟ್ ಆಗಿ ಏನಂದಿದ್ದರು ಅಂತ ಬರೆದು ಕಳಿಸಿ. ಕೇಳಿದವರು ಅಳುವ ಹಾಗಿದ್ದರೆ ಒಳ್ಳೆಯದು.

ನಿಮ್ಮ ಪ್ರಾರ್ಥನೆ ಬಯಸುವ,
ಪ್ರಿನ್ಸ


ಸಂತಪುರ
24 ಜುಲೈ 2023

ಪ್ರಿನ್ಸ,

ನಿನ್ನ ಕಾಗದ ಓದಿ ನಕ್ಕೆ, ಆಮ್ಯಾಲ ಸಿಟ್ಟು ಬಂತು, ಆಮ್ಯಾಲ ಚಹಾ ಮಾಡ್ಕೊಂಡೆ. ನನಗ 'ನೀವು' ಅಂತ ಯಾವಾಗಿಂದಪ್ಪಾ? ನನ್ನ ತೊಡಿ ಮ್ಯಾಲ ಉಚ್ಚಿ ಹೊಯ್ಯಾಗ ನೀ ಅಂತಿದ್ದಿ.

ಮೂವತ್ತು ವರ್ಷ ದವಾಖಾನ್ಯಾಗ ದುಡದೀನಿ. ಡಾಕ್ಟರು ಕೈಬಿಟ್ಟ ಕೂಸು ಹ್ಯಾಂಗಿರ್ತದ ಅಂತ ನನಗ ಗೊತ್ತದ. ನಿನಗಿದ್ದದ್ದು ಕೆಮ್ಮು. ನಿನ್ನ ಯಾವ ಡಾಕ್ಟರೂ ಕೈಬಿಟ್ಟಿದ್ದಿಲ್ಲ, ಯಾಕಂದ್ರ ಯಾವ ಡಾಕ್ಟರಿಗೂ ತೋರಿಸಿದ್ದಿಲ್ಲ. ಇಷ್ಟಕ್ಕ ಮಂದಿ ಅಳ್ತಾರಂದ್ರ ಹೇಳ್ಕೋ.

ಉಳಿದದ್ದು ನನ್ನ ಕೇಳಬ್ಯಾಡ. ನಿಮ್ಮ ಅವ್ವನ್ನ ಕೇಳು. ಆಕಿ ಹೇಳೂ ನಾಲ್ಕು ಮಾತು ಬಿಡು, ಐದನೇದು ಕೇಳು.

ಮನ್ನಳ್ಳಿ ಹುಡುಗ ನಿನಗ ಏನ್ ಮಾಡ್ಯಾನ? ಹೊಟ್ಟಿತುಂಬ ಉಣ್ತಿಯೋ ಇಲ್ಲೋ ಅದನ್ನ ಬರಿ.

ಫ್ಲಾರೆನ್ಸ


ಬೀದರ
27 ಆಗಸ್ಟ್ 2023

ಅತ್ತಿಯವರಿಗೆ,

ನಿಮ್ಮ ಉತ್ತರದಿಂದ ನನಗೆ ಬೇಜಾರಾಯಿತು, ಆದರೆ ಸರ್‌ಪ್ರೈಸ್ ಆಗಲಿಲ್ಲ. ನೀವು ಚರ್ಚಿಗೆ ಹೋಗುವುದು ಬಿಟ್ಟು ಎಷ್ಟೋ ವರ್ಷ ಆಯಿತು. ಅಂಥವರಿಗೆ ದೇವರ ಕೆಲಸವೂ ಕೆಮ್ಮಿನ ಹಾಗೇ ಕಾಣುತ್ತದೆ. ನಮ್ಮ ಪ್ರಿನ್ಸಿಪಾಲರು ಕ್ಲಾಸಿನಲ್ಲಿ ಇದಕ್ಕೆ ಕಠಿಣ ಹೃದಯ ಅನ್ನುತ್ತಾರೆ. ನಾನು ನಿಮಗಾಗಿ ಪ್ರಾರ್ಥನೆ ಮಾಡುತ್ತೇನೆ. ಜಾನ್ಸನನಿಗೂ ಹೇಳಿದ್ದೇನೆ, ಅವನ ದನಿ ಸಂತಪುರದ ತನಕ ಕೇಳಿಸಬಹುದು.

ಹೋದ ವಾರ ನಮ್ಮನ್ನು ಔರಾದಕ್ಕೆ ಒಂದು ಮನೆಯ ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋಗಿದ್ದರು. ಫಸ್ಟ್ ಇಯರ್‌ನಿಂದ ಮೆಸೇಜ್ ಕೊಡಲಿಕ್ಕೆ ನನ್ನನ್ನೇ ಸೆಲೆಕ್ಟ್ ಮಾಡಿದ್ದರು. ಅಂಗಳದ ತುಂಬ ಮುದುಕಿಯರು, ಎಲೆಅಡಿಕೆ ಜಗಿಯುತ್ತ ಕೂತಿದ್ದರು. ಆಡಿಯನ್ಸಿನ ಲೆವೆಲ್ ನೋಡಿ ನಾನು ಮೆಸೇಜ್ ಶಾರ್ಟ್ ಮಾಡಿದೆ. ಬೈಬಲಿನ ರೋಮಾಪುರದವರಿಗೆ ಬರೆದ ಪತ್ರಿಕೆಯಿಂದ ನಾನು ಪ್ರಿಪೇರ್ ಆಗಿದ್ದೆ. ಅವರಿಗೆ ಬೇಕಾದದ್ದು ಚೇಳು. ಜಾನ್ಸನ ಕೊಟ್ಟ.

ಅವ್ವನನ್ನು ನಾನು ಏನೂ ಕೇಳಿಲ್ಲ. ಕೇಳುವ ಅವಶ್ಯಕತೆ ಇಲ್ಲ.

ಪ್ರಿನ್ಸ


ಸಂತಪುರ
18 ಸೆಪ್ಟೆಂಬರ್ 2023

ಪ್ರಿನ್ಸ,

ಶಾರ್ಟ್ ಮಾಡಿದಿ ಅಂತ ಬರದಿ. ಎಷ್ಟು ಶಾರ್ಟ್ ಅಂತ ಬರೀಲಿಲ್ಲ.

ನನ್ನ ಬಾಜೂ ಮನಿ ಕಾಂತಾಬಾಯಿ ಮಗಳನ್ನ ಔರಾದಕ್ಕ ಕೊಟ್ಟಾರ, ಅದೇ ಓಣ್ಯಾಗ. ಆಕಿ ಗ್ವಾಡಿ ಮ್ಯಾಲಿಂದ ನೋಡ್ಯಾಳ. "ಬೂಟು ಹಾಕ್ಕೊಂಡಾವ ಒಬ್ಬಾವ ಎದ್ದು ನಿಂತ. ಬೈಬಲ್ ತಗದ. ಮುಚ್ಚಿದ. ನೀರು ಕುಡದ. ಕುಂತ." ಇಷ್ಟೇ ಅಂತ. ಮುದುಕ್ಯಾರು ಪ್ರಾರ್ಥನಿ ಮುಗೀತಂತ ಎದ್ದು ಹೊಂಟಿದ್ರಂತ. ಆವಾಗ ಆ ಮನ್ನಳ್ಳಿ ಹುಡುಗ ಎದ್ದು ಹಾಡು ಎತ್ಕೊಂಡು ನಿನ್ನ ಮರ್ಯಾದಿ ಉಳಸ್ಯಾನ. ನೀ ಅವನ ಮ್ಯಾಲೇ ಹಲ್ಲು ಕಡಿತಿ.

ಹಾಸ್ಟೆಲಿನಾಗ ನಿನಗ ಇಂಗ್ಲಿಷ್ ಕಲಿಸ್ಯಾರ, ಟೈ ಕಟ್ಟೂದು ಕಲಿಸ್ಯಾರ, ನಮ್ಮ ಮಂದಿ ಎಲಿಅಡಕಿ ನೋಡಿ ಮೂಗು ಮುರಿಯೂದೂ ಕಲಿಸ್ಯಾರ. ಅವರ ಮುಂದ ಬಾಯಿ ತಗಿಯೂದು ಒಂದು ಕಲಿಸಿಲ್ಲ. ಇಷ್ಟು ಸೊಕ್ಕು ಇದ್ದಾಂವ ಪಾಲಕ ಆಗಿ ಯಾರನ್ನ ಪಾಲಿಸ್ತಿ?

ನನ್ನ ಸಲುವಾಗಿ ಪ್ರಾರ್ಥನಿ ಬ್ಯಾಡ. ಮೊಣಕಾಲಿಗಿ ಹಚ್ಚೂ ಎಣ್ಣಿ ಬೀದರಾಗ ಚಲೋ ಸಿಗ್ತದ, ಯಾರರ ಬರೂರಿದ್ರ ಕಳಸು.

ಫ್ಲಾರೆನ್ಸ


ಬೀದರ
26 ನವೆಂಬರ್ 2023

ಅತ್ತಿ,

ಎರಡು ತಿಂಗಳು ಬರೀಲಿಲ್ಲ. ಪರೀಕ್ಷಾ ಇತ್ತು ಅಂತ ಬರಿಯೋಣ ಅಂತಿದ್ದೆ. ಪರೀಕ್ಷಾ ಇದ್ದದ್ದು ಒಂದು ವಾರ.

ಎಣ್ಣಿ ಜಾನ್ಸನನ ಕಡಿಂದ ಕಳಿಸೇನಿ. ಅವನು ಔರಾದಕ್ಕ ಹೊಂಟಿದ್ದ. ನಿನ್ನ ಮನಿಗಿ ಬಂದು ಹಾಡು ಹಚ್ಚಿದ್ರ ತಡಕೋ.

ಸೊಕ್ಕು ಅಂತ ಬರದಿ. ಸೊಕ್ಕಲ್ಲ ಅತ್ತಿ. ಔರಾದದಾಗ ಬೈಬಲ್ ತೆಗೆದಾಗ ಅಕ್ಷರ ಕಾಣಸ್ತಿದ್ವು, ಅವು ನನಗ ಸಂಬಂಧ ಇಲ್ಲದ ಯಾವುದೋ ನೋಟಿಸ್ ಬೋರ್ಡಿನ ಹಂಗ ಇದ್ವು. ನೀರಿನ ವಿಷಯ ಖರೇ. ಅರ್ಧ ಅಂಗಿ ಮ್ಯಾಲೇ ಚೆಲ್ಲಿದೆ. ಕಾಂತಾಬಾಯಿ ಮಗಳಿಗಿ ಅದು ಕಾಣ್ಸಿಲ್ಲ, ಪುಣ್ಯ.

ಇಲ್ಲಿ ಬೆಳಿಗ್ಗೆ ಎಲ್ಲರೂ ಕಣ್ಣು ಮುಚ್ಚಿ ಕೂಡ್ತಾರ. ನಾನೂ ಮುಚ್ತೇನಿ. ಒಳಗ ಫ್ಯಾನಿನ ಸಪ್ಪಳ ಬಿಟ್ರ ಏನೂ ಇಲ್ಲ. ಬಾಕಿಯವರ ಮಾರಿ ನೋಡಿದ್ರ ಅವರಿಗಿ ಏನೋ ಕೇಳಸ್ಲಿಕ್ಕತ್ತದ ಅನ್ನಸ್ತದ. ಅದಕ್ಕೇ ಅವರನ್ನ ಕಂಡ್ರ ನನಗ ಆಗೂದಿಲ್ಲ. ಸಣ್ಣಾವಿದ್ದಾಗಿಂದ ಎಲ್ಲರೂ 'ದೇವರಿಗಿ ಕೊಟ್ಟ ಹುಡುಗ' ಅಂದ್ರು, ಅದಕ್ಕ ನಾ ತಿಳ್ಕೊಂಡೆ, ನನಗ ಬ್ಯಾರೆ ಕರೆ ಬ್ಯಾಡ, ಆ ದಿನಾನೇ ನನ್ನ ಕರೆ ಅಂತ. ಆ ದಿನ ಬಿಟ್ರ ನನ್ನ ಹತ್ರ ಏನೂ ಇಲ್ಲ.

ಐತವಾರ ಫೋನಿನಾಗ ಅವ್ವನ್ನ ಐದನೇ ಮಾತು ಕೇಳಿದೆ. "ಲೈನ್ ಹೋಯ್ತೇನ್" ಅಂತ ನಾನೇ ಕೇಳಿದೆ. "ಇಲ್ಲ, ಇದೀನಿ" ಅಂದ್ಳು. ಆಮ್ಯಾಲ ಕಾಲ್ ಟೈಮ್ ಮುಗೀತು.

ಈ ಸಲ ಸುಗ್ಗಿ ಆರಾಧನಿಗಿ ಪ್ರಿನ್ಸಿಪಾಲರೇ ಭಾತಂಬ್ರಾಕ್ಕ ಬರ್ತಾರಂತ. ಅವರ ಎದುರಿಗೆ ನಾ ಹೇಳಬೇಕು. ಆ ದಿನ ಏನಾಗಿತ್ತು? ಅಳೂ ಹಂಗ ಬರಿಬ್ಯಾಡ. ಆದದ್ದು ಬರಿ.

ನಿನ್ನ ಪ್ರಿನ್ಸ


ಸಂತಪುರ
10 ಡಿಸೆಂಬರ್ 2023

ಪ್ರಿನ್ಸ,

ಆ ಹುಡುಗ ಬಂದಿದ್ದ. ಹಾಡಲಿಲ್ಲ. ಎರಡು ಕಪ್ ಚಹಾ ಕುಡದ, ನಿನ್ನ ಬಗ್ಗೆ ಒಂದು ಮಾತು ಕೆಟ್ಟದ್ದು ಆಡಲಿಲ್ಲ. ನಿನಗ ಇದು ತಿಳೀಲಿ ಅಂತ ಬರದೆ.

ಈಗ ಕೇಳು. ಭಾತಂಬ್ರಾದ ಹಳೇ ಮಂದ್ಯಾಗ ಒಂದು ರೂಢಿ ಇತ್ತು. ಕೂಸು ಮ್ಯಾಲಿಂದ ಮ್ಯಾಲ ಬ್ಯಾನಿ ಬಿದ್ರ, ಸುಗ್ಗಿ ಆರಾಧನಿ ದಿನ ಜ್ವಾಳದ ಚೀಲ, ಕುಂಬಳಕಾಯಿ, ತೊಗರಿ ಜೋಡಿ ಅದನ್ನೂ ಕಾಣಿಕಿ ಅಂತ ಪೀಠದ ಮುಂದ ಮಲಗಸೂದು. ಆರಾಧನಿ ಮುಗದ ಮ್ಯಾಲ ಅಂಗಳದಾಗ ಕಾಣಿಕಿ ಎಲ್ಲಾ ಸವಾಲು ಕೂಗಿ ಮಾರ್ತಾರಲ್ಲ, ಆವಾಗ ಸೋದರಮಾವ ಒಂದು ಕೋಳಿ ಕೊಟ್ಟು ಕೂಸಿನ್ನ ಬಿಡಸ್ಕೊಂಡು ಮನಿಗಿ ತರೂದು. ಒಂದು ತಾಸು ದೇವರದಾಗಿತ್ತು, ಇನ್ನ ಬ್ಯಾನಿ ಹತ್ರ ಬರೂದಿಲ್ಲ ಅಂತ ನಂಬಿಗಿ. ನಾ ನಂಬೂದಿಲ್ಲ, ಅದು ಬ್ಯಾರೆ. ನನ್ನನ್ನೂ ಹಂಗೇ ಮಲಗಿಸಿ ಬಿಡಸ್ಕೊಂಡಾರ.

ನಿಮ್ಮಪ್ಪ ಸತ್ತು ಆರು ತಿಂಗಳಾಗಿತ್ತು. ನಿನ್ನ ಕೆಮ್ಮು ಹೋಗವಲ್ದು. ನಿಮ್ಮ ಅವ್ವ ಜಾಯ್ಸ ನಿನ್ನ ಮಲಗಿಸಿದ್ಳು. ಆಕಿ ಅಣ್ಣ ದೇವಪುತ್ರ ಹೊರಗ ಬೇವಿನ ಗಿಡದ ಬುಡಕ ಕೋಳಿ ಕಂಕುಳಾಗ ಹಿಡ್ಕೊಂಡು ಸವಾಲಿಗಿ ಕಾಯ್ಕೋತ ನಿಂತಿದ್ದ.

ಜೀವನಕುಮಾರ ಅಯ್ಯನವರು ಮೈಸೂರ ಕಡಿಯವರು, ಬಂದು ಅದೇ ಮೊದಲ ಸುಗ್ಗಿ. ಅವರಿಗಿ ರೂಢಿ ಗೊತ್ತಿಲ್ಲ. ಕೇಳೂ ಪೈಕಿನೂ ಅಲ್ಲ. ಕುಂಬಳಕಾಯಿ ನಡುವ ಕೂಸು ನೋಡಿದ್ರು, ಮುಂದ ಬಿಳಿ ಸೀರಿ ಉಟ್ಟ ಹೆಣ್ಮಗಳನ್ನ ನೋಡಿದ್ರು, ಕಣ್ಣಾಗ ನೀರು ತಂದ್ಕೊಂಡ್ರು. ಬೈಬಲಿನಾಗ ಸಮುವೇಲನ್ನ ಅವರವ್ವ ದೇವರಿಗಿ ಕೊಟ್ಟಂಗ ಈ ತಾಯಿ ಕೊಟ್ಟಾಳ ಅಂತ ನಿನ್ನ ಎರಡೂ ಕೈಲೆ ಎತ್ತಿ ಅರ್ಧ ತಾಸು ಪ್ರಾರ್ಥನಿ ಮಾಡಿದ್ರು. ಅಯ್ಯನವರು ಪ್ರಾರ್ಥನಿ ಮಾಡಾಗ ನಡಬರಕ ಯಾರು ಬಾಯಿ ಹಾಕ್ತಾರ? ಸಭಿ ಎಲ್ಲಾ ಆಮೆನ್ ಅಂತು. ಆಮೆನ್ ಅಂದ ಮ್ಯಾಲ ಸವಾಲಿಗಿ ನೀ ಉಳೀಲಿಲ್ಲ. ದೇವಪುತ್ರ ಕೋಳಿ ತಗೊಂಡು ಮನಿಗಿ ಹೋದ.

ಮರುದಿನಾನೇ ನಾ ಅವರ ಹತ್ರ ಹೋಗಿ ಎಲ್ಲಾ ಬಿಡಿಸಿ ಹೇಳೇನಿ. "ಸಿಸ್ಟರ್, ನೀವು ದವಾಖಾನೆ ನೋಡಿಕೊಳ್ಳಿ, ದೇವರ ಕೆಲಸ ನಮಗೆ ಬಿಡಿ" ಅಂದ್ರು. ಬಿಟ್ಟೆ. ಅವತ್ತಿಂದ ಅವರ ಚರ್ಚಿನ್ನೂ ಬಿಟ್ಟೆ.

ನಿಮ್ಮ ಅವ್ವ ಯಾಕ ಸುಮ್ಮನಿದ್ಳು ಅಂತ ಕೇಳ್ತಿ. ಗಂಡ ಸತ್ತಾಕಿ ಅಂತ ಯಾರೂ ಮಾತಾಡಸ್ತಿದ್ದಿಲ್ಲ ಆಕಿನ್ನ. ಆ ಐತವಾರದಿಂದ ಊರಾಗ ಯಾವ ಮನ್ಯಾಗ ಪ್ರಾರ್ಥನಿ ಇದ್ರೂ ಮೊದಲ ಕರಿ ಆಕಿಗಿ, ಮಗನ್ನ ದೇವರಿಗಿ ಕೊಟ್ಟಾಕಿ ಅಂತ. ನೀ ಆಕಿ ಜಾಗದಾಗ ಇದ್ರ ಏನ್ ಮಾಡ್ತಿದ್ದಿ?

ಫ್ಲಾರೆನ್ಸ


ಬೀದರ
28 ಡಿಸೆಂಬರ್ 2023

ಅತ್ತಿ,

ಕ್ರಿಸ್‌ಮಸ್‌ಗೆ ಊರಿಗೆ ಹೋಗಲಿಲ್ಲ. ಕ್ಯಾರಲ್ಸ್ ಟೀಮ್ ಇದೆ ಅಂತ ಅವ್ವನಿಗೆ ಸುಳ್ಳು ಹೇಳಿದೆ.

ಬೆಸ್ಟ್ ಕಥೆ. ಹದಿನೆಂಟು ವರ್ಷ ನಾನು ದೇವರ ಆಯ್ಕೆ ಅಂತ ತಲೆ ಎತ್ತಿ ಓಡಾಡಿದೆ. ನೋಡಿದರೆ ಕುಂಬಳಕಾಯಿ. ಅದೂ ಸವಾಲಿನಲ್ಲಿ ಮಾರಾಟವಾಗದೆ ಉಳಿದ ಕುಂಬಳಕಾಯಿ. ಒಬ್ಬರಿಗೆ ರೂಢಿ ಗೊತ್ತಿಲ್ಲ, ಇನ್ನೊಬ್ಬರಿಗೆ ಬಾಯಿ ಇಲ್ಲ, ಮಾವನಿಗೆ ಕೋಳಿಯ ಮೇಲೆ ಆಸೆ. ಇಡೀ ಸಭೆ, ಮುನ್ನೂರು ಜನ, ಒಬ್ಬರಿಗೊಬ್ಬರು ಮುಖ ನೋಡಿಕೊಂಡು ಆಮೆನ್! ನೀನು ಒಬ್ಬಳೇ ಜಾಣೆ. ಹೇಳಿದೆ, ಅವರು ಕೇಳಲಿಲ್ಲ ಅಂತ ಸಂತಪುರದಲ್ಲಿ ಕೂತು ಚಹಾ ಕುಡಿದೆ. ನನಗೆ ಯಾಕೆ ಹೇಳಲಿಲ್ಲ? ಒಂದು ಪೋಸ್ಟ್ ಕಾರ್ಡಿನಲ್ಲಿ ಹಿಡಿಸುತ್ತಿತ್ತು.

ಚಿಂತೆ ಮಾಡಬೇಡ. ಫೆಬ್ರವರಿಯಲ್ಲಿ ಅವರಿಗೆ ಏನು ಬೇಕೋ ಅದನ್ನೇ ಕೊಡುತ್ತೇನೆ. ಡಾಕ್ಟರು, ಜ್ವರ, ಕಣ್ಣೀರು ಎಲ್ಲ ಹಾಕಿ. ಇಂಥವರಿಗೆ ಇಂಥ ಪಾಲಕನೇ ಸರಿ.

ಪ್ರಿನ್ಸ


ಸಂತಪುರ
21 ಜನವರಿ 2024

ಪ್ರಿನ್ಸ,

ನಿನ್ನ ಕಾಗದ ಮೂರು ಸಲ ಓದಿದೆ. ಬೈಲಿಕ್ಕೆ ಶುರು ಮಾಡಿ ಹರದು ಒಗದೆ. ನನಗ ಅಂದದ್ದು ಖರೇನೇ ಅದ, ಇಟ್ಕೋತೇನಿ.

ಹೋದ ಬುಧವಾರ ನಿಮ್ಮ ಅವ್ವ ಭಾಲ್ಕಿಯಿಂದ ಬಸ್ ಹತ್ತಿ ಇಲ್ಲಿಗಿ ಬಂದಿದ್ಳು. ನನ್ನ ಮನಿ ಹೊಸ್ತಿಲ ತುಳಿದು ವರ್ಷಗಟ್ಟಲೆ ಆಗಿತ್ತು. ಬಾಗಲಾಗ ನಿಂತು, "ಅವನಿಗಿ ಹೇಳಿದ್ಯಾ?" ಅಂದ್ಳು. ಹೇಳೇನಿ ಅಂದೆ. ನಾ ಜಗಳಕ್ಕ ತಯಾರಾಗಿ ನಿಂತಿದ್ದೆ. ಆಕಿ ಒಳಗ ಬಂದು ಕುಂತು ಅತ್ಳು. ಆಮ್ಯಾಲ ನನ್ನ ತೊಗರಿಬ್ಯಾಳಿ ಹಸನ ಮಾಡಿಕೊಟ್ಟು ಸಂಜಿ ಬಸ್ಸಿಗಿ ಹೋದ್ಳು. ನಡಬರಕ ಏನು ಮಾತಾಡಿದಿವಿ ಅಂತ ಬರಿಯೂದಿಲ್ಲ. ಅದು ನಮ್ಮಿಬ್ಬರದು.

ಅವತ್ತು ಏನರ ಹೇಳು. ಹೇಳಾಗ ಆಕಿ ಮಾರಿ ನೋಡಿ ಹೇಳು.

ಫ್ಲಾರೆನ್ಸ


ಭಾತಂಬ್ರಾ
13 ಫೆಬ್ರವರಿ 2024

ಅತ್ತಿ,

ಫೋನು ವಾಪಸ್ ಸಿಕ್ಕದ. ಆದ್ರೂ ಕಾಗದಾನೇ ಬರಿತೀನಿ. ಫೋನಿನಾಗ ನೀ ನಡಬರಕ ಮಾತು ಕಡಿತಿ.

ಪ್ರಿನ್ಸಿಪಾಲರು ಮೊದಲು ಮಾತಾಡಿದ್ರು. ಅದೇ ಕಥಿ, ಈ ಸಲ ಬೆಳಕು ಸೇರಸ್ಯಾರ. ಅವರು ನನ್ನ ಎತ್ತಿದಾಗ ಮೂಡಣ ಕಿಟಕಿಯಿಂದ ಬೆಳಕು ಬಂದು ಮುಖದ ಮ್ಯಾಲ ಬಿತ್ತಂತ. ಆ ಗೋಡಿಗಿ ಕಿಟಕಿ ಇಟ್ಟದ್ದು ನಾ ಏಳನೇ ಕ್ಲಾಸ್ ಇದ್ದಾಗ. ಮುಂದಿನ ಸಾಲಿನಾಗ ಕುಂತ ಹಿರಿಯರೇ ಆ ಕಿಟಕಿಗಿ ಪಟ್ಟಿ ಎತ್ತಿ ರೊಕ್ಕ ಕೂಡಿಸಿದವರು. ಅವರೂ ಹೌದಂತ ತಲಿ ಹಾಕಿದ್ರು. ನನಗ ಎಷ್ಟು ಹೇಸಿಗಿ ಬಂತಂದ್ರ, ರೆಡಿ ಮಾಡ್ಕೊಂಡು ಹೋದ ಸುಳ್ಳು ಬಾಯಾಗೇ ಬರಲಿಲ್ಲ.

ಅವ್ವನ ಕಡಿ ನೋಡಿದೆ. ಆಕಿ ನನ್ನ ಮ್ಯಾಲಿಂದ ಕಣ್ಣು ತೆಗೀಲಿಲ್ಲ. ನಾ ಕೋಳಿ ಕಥಿ ಹೇಳಿದೆ. ಪೂರಾ. ಮಜಾ ತಗೊಂಡು ಹೇಳಿದೆ ಅತ್ತಿ, ಸುಳ್ಯಾಕ ಹೇಳಲಿ. ಒಬ್ಬೊಬ್ಬರ ಮಾರಿ ಕಪ್ಪಿಡೂದು ನೋಡ್ಕೋತ ಹೇಳಿದೆ. ಆಮ್ಯಾಲ ಹಿಂದಿಂದ ದೇವಪುತ್ರ ಮಾವ ಎದ್ದು, "ಖರೇ ಅದ್ರಿ! ಆ ಕೋಳಿ ಅವತ್ತೇ ಸಾರು ಮಾಡಿದಿವಿ, ನುಂಗಲಿಕ್ಕಾಗಲಿಲ್ಲ ನೋಡ್ರಿ!" ಅಂದ. ಹೆಣ್ಮಕ್ಕಳು ಸೆರಗು ಬಾಯಿಗಿ ಇಟ್ಕೊಂಡ್ರು.

ಪ್ರಿನ್ಸಿಪಾಲರು ಕೆಂಪಾದ್ರು. ಮುಗೀತು ಇವರದು ಅಂದ್ಕೊಂಡೆ. ಅವರು ಎದ್ದು ಬಂದು ನನ್ನ ಹೆಗಲ ಮ್ಯಾಲ ಕೈಯಿಟ್ಟು, "ನೋಡಿದಿರಾ ಸಭೆಯವರೇ! ಈ ದಾಸನ ಅಜ್ಞಾನವನ್ನೂ ಕರ್ತನು ಹೇಗೆ ಉಪಯೋಗಿಸಿಕೊಂಡ! ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?" ಅಂದ್ರು. ಹಲ್ಲೆಲೂಯ, ಚಪ್ಪಾಳಿ, ಅಳು. ನಾ ತಂದ ಬಾಂಬು ಅವರ ಪಟಾಕಿ ಆಯ್ತು. ಇನ್ನ ಮ್ಯಾಲ ಎಲ್ಲಾ ಊರಾಗ ಅವರು ಕೋಳಿ ಕಥಿನೇ ಹೇಳ್ತಾರ ನೋಡು.

ಆಮ್ಯಾಲ ಬಾಜೂ ಕೋಣ್ಯಾಗ ಕಮಿಟಿ ಕೂಡ್ತು. ಪದ್ಧತಿ ಪ್ರಕಾರ ನನ್ನನ್ನ ಹೊರಗ ಕಳಿಸಿದ್ರು. ಅಭ್ಯರ್ಥಿ ಹೊರಗ ನಿಲ್ಲಬೇಕು, ಒಳಗ ಒಬ್ಬೊಬ್ಬರನ್ನ, "ಈತನ ಮೇಲೆ ಆಕ್ಷೇಪ ಉಂಟೇ?" ಅಂತ ಕೇಳಬೇಕು. ಬಾಗಿಲ ಸಂದಿಯಿಂದ ಕೇಳಸ್ತಿತ್ತು. "ಇಲ್ರಿ." "ಇಲ್ರಿ." "ಏನೂ ಇಲ್ರಿ, ಚಲೋ ಹುಡುಗ." ಪ್ರತಿ ಸಲ ಇಲ್ಲ ಅಂದಾಗ ನನ್ನ ಮುಂದ ಒಂದೊಂದು ವರ್ಷ ಬಂದು ನಿಲ್ತಿತ್ತು. ಮೂರು ವರ್ಷ ಓದು, ಆಮ್ಯಾಲ ಯಾವುದೋ ಊರಾಗ ಪೀಠದ ಮುಂದ ನಿಂತು, ಯಾರದೋ ಕೂಸು ಎತ್ಕೊಂಡು, ಒಳಗ ಫ್ಯಾನಿನ ಸಪ್ಪಳ ಇಟ್ಕೊಂಡು ನಾನೂ ಪ್ರಾರ್ಥನಿ ಮಾಡಬೇಕು. ಎಲ್ಲರೂ ಆಮೆನ್ ಅಂತಾರ.

ಬಾಗಿಲ ದೂಡಿ ಒಳಗ ಹೋದೆ. "ನಂದು ಅದ್ರಿ ಆಕ್ಷೇಪ" ಅಂದೆ.

"ಏ, ನೀ ಹೊರಗಿರಬೇಕಪ್ಪಾ" ಅಂದ್ರು ಒಬ್ಬ ಹಿರಿಯರು.

"ನನಗ ಕರೆ ಬಂದಿಲ್ರಿ. ಕೋಳಿದು ಬಿಡ್ರಿ, ಅದು ನಿಮ್ಮ ಕಥಿ. ನಂದು ಇಷ್ಟೇ. ಯಾವತ್ತೂ ಬಂದಿಲ್ಲ. ಬಂದದಂತ ತಿಳ್ಕೊಂಡಿದ್ದೆ."

ಇದನ್ನ ಹೇಳಾಗ ಮಜಾ ಬರಲಿಲ್ಲ. ಬೈಲಿಕ್ಕೆ ಅಲ್ಲಿ ನನ್ನ ಬಿಟ್ರ ಬ್ಯಾರೆ ಯಾರೂ ಸಿಗಲಿಲ್ಲ. ಇದನ್ನ ಯಾವ ಕಥಿಗಿ ಸೇರಸಬೇಕು ಅಂತ ಪ್ರಿನ್ಸಿಪಾಲರಿಗೂ ತಿಳೀಲಿಲ್ಲ ಕಾಣಸ್ತದ. "ಹೋಗಪ್ಪಾ" ಅಂದ್ರು. ಶಿಫಾರಸು ಕೊಡಲಿಲ್ಲ.

ಟ್ರಂಕು ತರಲಿಕ್ಕೆ ಬೀದರಕ್ಕ ಹೋದಾಗ ಹುಡುಗರು ಯಾರೂ ಮಾತಾಡಲಿಲ್ಲ. ಜಾನ್ಸನ ಟ್ರಂಕಿನ ಒಂದು ಹಿಡಿ ತಾ ಹಿಡ್ಕೊಂಡು ಬಸ್ ಸ್ಟ್ಯಾಂಡ್ ತನಕ ಬಂದ. "ನಿನಗ ಖರೇನೇ ಕೇಳಸ್ತದೇನಲೇ?" ಅಂತ ಕೇಳಿದೆ. "ದಿನಾ ಇಲ್ಲ" ಅಂದ. ಅಷ್ಟು ನೆಟ್ಟಗ ಯಾರೂ ನನಗ ಉತ್ತರ ಕೊಟ್ಟಿದ್ದಿಲ್ಲ.

ಅವತ್ತು ಚರ್ಚಿನಿಂದ ಮನಿಗಿ ನಾನೂ ಅವ್ವಾನೂ ನಡ್ಕೋತ ಬಂದಿವಿ. ಊರಾಗ ಇನ್ನ ಮೊದಲ ಕರಿ ಆಕಿಗಿ ಬರೂದಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಬಾಗಲ ಕೀಲಿ ತೆಗೆದು ನನ್ನ ಕಡಿ ತಿರುಗಿ, "ಹಂಗಾದ್ರ ನಿನಗ ಏನ್ ಆಗಬೇಕಂತ ಅದ?" ಅಂದ್ಳು.

ಹದಿನೆಂಟು ವರ್ಷ ನನ್ನ ಈ ಪ್ರಶ್ನೆ ಯಾರೂ ಕೇಳಿದ್ದಿಲ್ಲ. ಗೊತ್ತಿಲ್ಲ ಅಂದೆ. "ಬಾ, ಉಣ್ಣು" ಅಂದ್ಳು.

ಅತ್ತಿ, ನೀ ನರ್ಸ್ ಆಗೂ ಮೊದಲ ನಿನ್ನ ಯಾರರ ಕೇಳಿದ್ರೇನು?

ಪ್ರಿನ್ಸ


ಸಂತಪುರ
24 ಫೆಬ್ರವರಿ 2024

ಪ್ರಿನ್ಸ,

ಇಲ್ಲ. ನಮ್ಮಪ್ಪ ನನ್ನ ಮಿಶನ್ ದವಾಖಾನಿ ಬಾಗಲಾಗ ಬಿಟ್ಟು, ಇಲ್ಲೇ ಇರು ಅಂದು ಹೋದ. ಇದ್ದೆ.

ಕೇಳಿದ್ರ ಹೇಳ್ತಿದ್ದೆ. ನನಗ ಬಸ್ ಕಂಡಕ್ಟರ್ ಆಗಬೇಕಂತಿತ್ತು. ಕೊರಳಾಗ ಚೀಲ ಹಾಕ್ಕೊಂಡು, ಟಿಕೀಟಿನ ಪಂಚು ಟಕ್ ಟಕ್ ಅನ್ನಸ್ಕೋತ, ಔರಾದ, ಭಾಲ್ಕಿ, ಬೀದರ ಅಂತ ದಿನಾ ಊರೂರಿನ ಹೆಸರು ಒದರಬೇಕಂತಿತ್ತು. ಇದನ್ನ ಯಾರಿಗೂ ಹೇಳಿಲ್ಲ. ನಗಬ್ಯಾಡ.

ಫ್ಲಾರೆನ್ಸ